ಇಲ್ಲೂರಿನ ರೈತ ರಾಷ್ಟ್ರಪತಿ

1977ರ ಜುಲೈ 25ರಂದು ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿಯವರಿಂದ ಅಧಿಕಾರ ವಹಿಸಿಕೊಂಡವರು ನೀಲಂ ಸಂಜೀವ ರೆಡ್ಡಿ. ಒಂದು ಕಾಲಕ್ಕೆ ಮುಂಬಯಿ ರಾಜ್ಯದ ಶಾಸಕರೂ ಆಗಿದ್ದ ಸಾವಳಗಿಯ ಜತ್ತಿಯವರನ್ನು ನಾವು ಮುಂಬಯಿ ಕನ್ನಡಿಗರು ನಮ್ಮವರೆನ್ನುತ್ತೇವೆ. ಗಡಿಗೆ ಅಂಟಿಕೊಂಡ ಅನಂತಪುರ ಜಿಲ್ಲೆಯ ಇಲ್ಲೂರಿನ ಈ ರೈತನನ್ನು ನೆನೆಯುವವರು ವಿರಳ.

1969ರಲ್ಲಿ ಲೋಕಸಭಾಧ್ಯಕ್ಷ ಸ್ಥಾನ ತೊರೆದು ರಾಷ್ಟ್ರಪತಿ ಚುನಾವಣೆಗೆ ನಿಂತರು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿಯಾಗಿದ್ದರೂ ಪ್ರಧಾನಿಯ ಬೆಂಬಲವಿಲ್ಲದೆ ವಿ.ವಿ. ಗಿರಿಯವರೆದುರು ಸೋತರು, ಊರಿಗೆ ಮರಳಿ ಬೇಸಾಯ ಹಿಡಿದರು. ನಿವೃತ್ತಿಯ ನಂತರ ಊರಲ್ಲಿ ಉಳುಮೆ ಎಂಬ ಮಾತು ಡೊಂಬಿವಲಿ, ಕಲ್ಯಾಣದ ಲೋಕಲ್ ಗಾಡಿಗಳಲ್ಲಿ ದಿನವೂ ಕೇಳಿಬರುತ್ತದೆ. ಹೊಲ ಮಾತ್ರ ಪಾಲಿನವರ ಕೈಯಲ್ಲಿ, ಕಂತು ನವಿ ಮುಂಬಯಿಯ ಫ್ಲ್ಯಾಟಿಗೆ!

ಎಂಟು ವರ್ಷಗಳ ಬಳಿಕ ಅದೇ ಹುದ್ದೆ ಅವರಿಗೆ ಅವಿರೋಧವಾಗಿ ಒಲಿಯಿತು. ಅದು ಬರಿಯ ಅಲಂಕಾರದ ಹುದ್ದೆಯೆಂಬ ಮಾತು 1979ರ ಆಗಸ್ಟಿನಲ್ಲಿ ಸುಳ್ಳಾಯಿತು. ಜಗಜೀವನ ರಾಮರಿಗೆ ಅವಕಾಶವೀಯದೆ, ಸದನವನ್ನೇ ಎದುರಿಸದ ಚರಣ್ ಸಿಂಗರ ಸಲಹೆಯಂತೆ ಲೋಕಸಭೆ ವಿಸರ್ಜಿಸಿದ್ದು ನಮಗೆ ಇಂದಿಗೂ ಒಪ್ಪಿತವಲ್ಲ. ನೇಗಿಲು ಹಿಡಿದ ಕೈ ಎಂಬ ಗೌರವದಿಂದ ಆ ನಿರ್ಧಾರವನ್ನು ಮನ್ನಿಸಲಾಗದು.

1982ರಲ್ಲಿ ಅವಧಿ ಮುಗಿದಾಗ ಅವರು ಮತ್ತೆ ಅನಂತಪುರಕ್ಕೇ ಹೊರಟರು.