ಹಳೇ ಕ್ಯಾಸೆಟ್, ಹೊಸ ಜಗಳ: ಬೇಸ್‌ಬಾಲ್

(1/4)
ಫೋಟೋದಲ್ಲಿರೋ ಹಳದಿ ಕ್ಯಾಸೆಟ್ ನೋಡಿ. ಮೇಲೆ "9999 ಇನ್ 1" ಅಂತ ಇದೆ, ಶುದ್ಧ ಸುಳ್ಳು. ಎಣಿಸಿದ್ರೆ ಇಪ್ಪತ್ತು ಚಿಲ್ಲರೆ ಗೇಮು, ಅವೇ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ಬರ್ತವೆ. ಬಂಗಾರಪೇಟೆಯಿಂದ ಬೂದಿಕೋಟೆಗೆ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದ ಪೆಟ್ಟಿಗೆ ಜೊತೆ ಬಂದಿದ್ದು ಇದು. ಅದರೊಳಗೆ ಮಾರಿಯೋ ಇತ್ತು, ಕಾಂಟ್ರಾ ಇತ್ತು. ನಮ್ಮ ಗ್ಯಾಂಗ್ ಮಾತ್ರ ಬೇಸ್‌ಬಾಲ್‌ಗೆ ಬಿದ್ದಿತ್ತು. ಕಾರಣ ಸರಳ: ಕ್ಯಾಸೆಟ್‌ನಲ್ಲಿ ಕ್ರಿಕೆಟ್ ಇರ್ಲಿಲ್ಲ, ಬ್ಯಾಟೂ ಬಾಲೂ ಇದ್ದ ಆಟ ಇದೊಂದೇ.

ಕಳೆದ ಕಂತಿನಲ್ಲಿ ಇದನ್ನ "ಒಳ್ಳೇ ಗೇಮ್" ಅಂದಿದ್ದಕ್ಕೆ ಒಬ್ರು ಕಮೆಂಟ್ ಹಾಕಿದ್ರು: "ಅಣ್ಣ, ಗುಜರಿ ಗೇಮ್ ಅದು, ಈಗಿನ ಫೋನ್ ಕ್ರಿಕೆಟ್ ನೋಡಿದ್ದೀರಾ, ಆಟಗಾರನ ಬೆವರು ಕೂಡ ಕಾಣ್ಸುತ್ತೆ." ನೋಡಿದ್ದೀನಿ ತಮ್ಮಾ. ಆಡಿದ್ದೀನಿ ಕೂಡ. ಅದಕ್ಕೇ ಇವತ್ತು ನಾಲ್ಕು ಪೋಸ್ಟ್. ಹಳೇದನ್ನ ಹೊಗಳೋಕೆ ಅಷ್ಟೇ ಅಂತ ತಿಳ್ಕೋಬೇಡಿ, ಅದರ ಮಾನವನ್ನೂ ಕಳೀತೀನಿ.

(2/4)
ಮೊದಲು ವಿಷಯ. ಇದು ನಿಂಟೆಂಡೊ ಕಂಪನಿಯ "ಬೇಸ್‌ಬಾಲ್". 1983ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಯಂತ್ರಕ್ಕೆ ಬಂತು, 1985ರಲ್ಲಿ ಅಮೆರಿಕಕ್ಕೆ ಹೋಯ್ತು. ನಮ್ಮ ಕೈಗೆ ಸಿಕ್ಕಿದ್ದು ಆ ಯಂತ್ರದ ನಕಲು, ಅದೂ ಎಷ್ಟೋ ವರ್ಷ ತಡವಾಗಿ. ಇಡೀ ಗೇಮ್ 24 ಕಿಲೋಬೈಟ್. ಈ ಪೋಸ್ಟಿನ ಒಂದು ಫೋಟೋ ಅದಕ್ಕಿಂತ ದಪ್ಪ ಇದೆ.

ಆಡೋಕೆ ಕೂತಾಗ ನಮಗೆ ನಿಯಮ ಗೊತ್ತಿಲ್ಲ. ಬ್ರಿಟಿಷರು ಕೆಜಿಎಫ್‌ಗೆ ಗಾಲ್ಫ್ ಕೂಡ ತಂದ್ರು, ಆದ್ರೆ ಈ ಆಟನ ಹೇಳಿಕೊಡೋರು ನಮ್ಮೂರಲ್ಲಿ ಯಾರೂ ಇರ್ಲಿಲ್ಲ. ಒಳ್ಳೇ ಬಾಲನ್ನ ಡಿಫೆನ್ಸಿವ್ ಆಗಿ ಬಿಟ್ರೆ ಕ್ರಿಕೆಟ್‌ನಲ್ಲಿ ಭೇಷ್ ಅಂತಾರೆ, ಇಲ್ಲಿ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದ್ರೆ ಮನೆಗೆ. ಕೀಪರ್ ಹಿಂದಕ್ಕೆ ತೆಳ್ಳಗೆ ತಾಗಿಸಿದ್ರೆ ಫೋರ್ ಅಲ್ಲ, ಫೌಲ್. ನಾಲ್ಕು ಕೆಟ್ಟ ಬಾಲ್ ಬಂದ್ರೆ ಬ್ಯಾಟ್ಸ್‌ಮನ್ ತಾನಾಗೇ ಫಸ್ಟ್ ಬೇಸ್‌ಗೆ ನಡ್ಕೊಂಡು ಹೋಗ್ತಾನೆ. ಮೊದಲ ವಾರ ಮೆಷಿನ್ನೇ ಕೆಟ್ಟಿದೆ ಅಂತ ಕ್ಯಾಸೆಟ್ ಕಿತ್ತು ಊದಿ ಊದಿ ಹಾಕಿದ್ವಿ. ಇದು ಗೇಮಿನ ಮೊದಲನೇ ತಪ್ಪು: ಏನನ್ನೂ ಹೇಳಿಕೊಡಲ್ಲ. ಎರಡನೇದು, ಸ್ಕೋರ್ ಉಳಿಸ್ಕೊಳ್ಳಲ್ಲ. ಎಂಟನೇ ಇನ್ನಿಂಗ್ಸ್‌ನಲ್ಲಿ ಕರೆಂಟ್ ಹೋದ್ರೆ ನೀವು ಗೆಲ್ತಿದ್ರಿ ಅನ್ನೋದಕ್ಕೆ ಸಾಕ್ಷಿ ದೇವರೊಬ್ಬನೇ. ನಮ್ಮೂರ ಕರೆಂಟ್ ಬಗ್ಗೆ ಬಿಡಿಸಿ ಹೇಳ್ಬೇಕಿಲ್ಲ ಅಲ್ವಾ.

ಆದ್ರೆ ಈ ಗೇಮಿನ ನ್ಯಾಯ ನೋಡಿ. ಆರು ತಂಡ. ಹೆಸರಿಲ್ಲ, ಒಂದೊಂದಕ್ಕೆ ಒಂದು ಇಂಗ್ಲಿಷ್ ಅಕ್ಷರ, ಒಂದು ಬಣ್ಣ. ಬಣ್ಣ ಬಿಟ್ರೆ ಯಾವ ತಂಡಕ್ಕೂ ಒಂದು ಕೂದಲೆಳೆ ಹೆಚ್ಚು ಬಲ ಇಲ್ಲ. ಪಿಚರ್ ವೇಗ ಏರಿಸ್ತಾನೆ, ಇಳಿಸ್ತಾನೆ, ಬಾಲನ್ನ ಎಡಕ್ಕೂ ಬಲಕ್ಕೂ ತಿರುಗಿಸ್ತಾನೆ. ಬ್ಯಾಟ್ಸ್‌ಮನ್ ಜಾಗ ಸರಿಸ್ಕೊಂಡು, ಸಮಯ ನೋಡಿ, ಬಟನ್ ಒತ್ತಬೇಕು. ಮುಗೀತು. ಸೋತ್ರೆ ನಿಮ್ಮ ಬೆರಳು ಸೋತಿದೆ. ಅಂಗಡಿಯವರ ಮಗನಿಗೂ ಕೂಲಿಯವರ ಮಗನಿಗೂ ಅದೇ ಬ್ಯಾಟ್. ಶಾಲೆಯಲ್ಲಿ, ಬಸ್ಸಲ್ಲಿ, ಹಬ್ಬದಲ್ಲಿ ಎಲ್ಲೂ ಸಿಗದ ಸಮಾನತೆ ಆ ಹದಿನಾಲ್ಕಿಂಚಿನ ಟೀವಿ ಮುಂದೆ ಚಾಪೆ ಮೇಲೆ ಸಿಕ್ತಿತ್ತು. ಉತ್ಪ್ರೇಕ್ಷೆ ಅನ್ಸಿದ್ರೆ ಅನ್ಸಲಿ.

ಇನ್ನೊಂದು. ಈ ಗೇಮಲ್ಲಿ ಕಾಮೆಂಟರಿ ಇಲ್ಲ, ಹಾಗಾಗಿ ನಾವೇ ಹೇಳ್ತಿದ್ವಿ, ಅರ್ಧ ಕನ್ನಡ ಅರ್ಧ ತೆಲುಗು, ಗಂಟಲು ಹರಿಯೋ ಹಾಗೆ. ಅದೇ ಕಾಲದ ಆಸುಪಾಸು ನಮ್ಮೂರಲ್ಲಿ "ನಮ್ಮ ಧ್ವನಿ" ಶುರುವಾಗಿತ್ತು, ಹಳ್ಳಿಯವರೇ ಮಾತಾಡಿ ಕೇಬಲ್ ತಂತಿಯಲ್ಲಿ ಮನೆ ಮನೆ ಟೀವಿಗೆ ಕಳಿಸೋ ರೇಡಿಯೋ. ಟೀವಿ ಅಂದ್ರೆ ಬೇರೆಯವರು ಮಾತಾಡೋ ಪೆಟ್ಟಿಗೆ ಅನ್ನೋದು ನಮ್ಮ ತಲೆಗೆ ಹತ್ತಲೇ ಇಲ್ಲ ಅನ್ಸುತ್ತೆ. ಈಗಿನ ಫೋನ್ ಗೇಮಲ್ಲಿ ಒಬ್ಬ ಅದೇ ಏಳೆಂಟು ವಾಕ್ಯ ಕೂಗ್ತಾನೆ, ಹುಡುಗರು ಬಾಯಿ ಮುಚ್ಕೊಂಡು ಕೂತಿರ್ತಾರೆ.

(3/4)
ಈಗ ದೊಡ್ಡ ತಪ್ಪು. ಇದನ್ನ ನಾನು ಕ್ಷಮಿಸಿಲ್ಲ.

ಈ ಗೇಮಲ್ಲಿ ಫೀಲ್ಡಿಂಗ್ ನಿಮ್ಮ ಕೈಯಲ್ಲಿಲ್ಲ. ಬಾಲ್ ಹೊಡೆದ ಮೇಲೆ ಫೀಲ್ಡರ್‌ಗಳು ತಾವೇ ಓಡ್ತಾರೆ, ಅದೂ ಹೊಟ್ಟೆ ತುಂಬಾ ಮುದ್ದೆ ಉಂಡವರ ಥರ. ಬಾಲ್ ಪಕ್ಕದಲ್ಲೇ ಉರುಳ್ತಿದ್ರೂ ಆರಾಮಾಗಿ ಹೆಜ್ಜೆ ಹಾಕ್ತಾರೆ. ಅವರು ಎತ್ತಿಕೊಂಡ ಮೇಲೆ ಯಾವ ಬೇಸ್‌ಗೆ ಎಸೀಬೇಕು ಅನ್ನೋದಷ್ಟೇ ನಿಮ್ಮ ಪಾಲು: ಬಲಕ್ಕೆ ಒತ್ತಿದ್ರೆ ಫಸ್ಟ್, ಮೇಲಕ್ಕೆ ಸೆಕೆಂಡ್, ಎಡಕ್ಕೆ ಥರ್ಡ್, ಕೆಳಕ್ಕೆ ಹೋಮ್. ಅಲ್ಲಿವರೆಗೂ ಕೈ ಕಟ್ಕೊಂಡು ನೋಡ್ಬೇಕು.

ನಮ್ಮ ಗ್ಯಾಂಗಲ್ಲಿ ಒಬ್ಬನನ್ನ ಕೊಕ್ಕರೆ ಅಂತ ಕರೀತಿದ್ವಿ, ಕಾಲು ಅಷ್ಟುದ್ದ. ಬ್ಯಾಟಿಂಗ್ ಬರಲ್ಲ, ಬೌಲಿಂಗ್ ಕೊಟ್ರೆ ಓವರಿಗೆ ಆರು ವೈಡ್. ಆದ್ರೆ ಕೋಟೆ ಕೆಳಗಿನ ಗರಸು ನೆಲದಲ್ಲಿ ಅವನು ಡೈವ್ ಹೊಡೆದು ಹಿಡಿದ ಕ್ಯಾಚ್‌ಗಳನ್ನ ಇವತ್ತಿಗೂ ಹೇಳ್ಕೋತೀವಿ. ಬೆಟ್ ಮ್ಯಾಚ್‌ಗೆ ಪಕ್ಕದೂರಿನವರು ಬಂದ್ರೆ ಮೊದಲು ಕೇಳ್ತಿದ್ದಿದ್ದೇ "ಆ ಉದ್ದನೆಯವನು ಇದ್ದಾನಾ?" ಅಂತ. ಅಂಥವನು ಈ ಗೇಮಿನ ಮುಂದೆ ಯಾರೂ ಅಲ್ಲ. ಅವನಿಗೆ ಗೊತ್ತಿದ್ದ ವಿದ್ಯೆಗೆ ಅಲ್ಲಿ ಬಟನ್ನೇ ಇಲ್ಲ. ಎರಡು ಮೂರು ಸಲ ಆಡಿ, ಫೀಲ್ಡರ್ ನಿಧಾನಕ್ಕೆ ನಡೆಯೋದು ನೋಡಿ, "ಏಯ್, ಓಡೋ ನನ್ಮಗನೇ" ಅಂತ ಟೀವಿಗೆ ಬೈದು ರಿಮೋಟ್ ಕೆಳಗಿಟ್ಟ. ಆಮೇಲೆ ಬರ್ತಿದ್ದ, ಗೋಡೆಗೆ ಒರಗಿ ನೋಡ್ತಿದ್ದ, ಆಡ್ತಿರ್ಲಿಲ್ಲ. ಆಟದ ಅರ್ಧ ಭಾಗವನ್ನ ಯಂತ್ರ ಕಿತ್ಕೊಂಡ್ರೆ ಆ ಅರ್ಧದಲ್ಲಿ ಬದುಕ್ತಿದ್ದವನು ಏನ್ ಮಾಡ್ಬೇಕು?

24 ಕಿಲೋಬೈಟಲ್ಲಿ ಇಷ್ಟೇ ಹಿಡಿಸಿದ್ದು ಅಂತ ಯಾರಾದ್ರೂ ವಾದ ಮಾಡಬಹುದು. ಸರಿ, 1983ಕ್ಕೆ ಒಪ್ಕೋತೀನಿ.

(4/4)
ಈಗ ಬೆವರು ಕಾಣಿಸೋ ಗೇಮಿಗೆ ಬರೋಣ. ನಾನು ಆಡಿದ ಫೋನ್ ಕ್ರಿಕೆಟ್ ಗೇಮುಗಳಲ್ಲಿ ಫೀಲ್ಡಿಂಗ್ ಯಾರ ಕೈಯಲ್ಲಿದೆ ಹೇಳಿ? ಯಂತ್ರದ ಕೈಯಲ್ಲೇ! ನಲವತ್ತು ವರ್ಷ ಆಯ್ತು, 24 ಕಿಲೋಬೈಟ್ ಹೋಗಿ ನೂರಾರು ಮೆಗಾಬೈಟ್ ಬಂತು, ಕೊಕ್ಕರೆಗೆ ಇನ್ನೂ ಬಟನ್ ಬಂದಿಲ್ಲ. ತಪ್ಪನ್ನ ಜೋಪಾನವಾಗಿ ಉಳಿಸ್ಕೊಂಡ್ರು. ಬಿಸಾಕಿದ್ದು ಯಾವುದನ್ನ? ಆ ಸಮಾನ ಬ್ಯಾಟನ್ನ.

ನನ್ನ ಚಿಕ್ಕಪ್ಪನ ಮಗ, ಒಂಬತ್ತನೇ ಕ್ಲಾಸು. ಅಂಥದ್ದೊಂದು ಗೇಮಲ್ಲಿ (ಹೆಸರು ಬೇಡ, ಎಲ್ಲವೂ ಒಂದೇ) ಸೋಲ್ತಾ ಇದ್ದ. ಎದುರಿಗೆ ಆಡೋನ ಹತ್ರ ಜಾಸ್ತಿ ಪವರ್ ಇರೋ ಬ್ಯಾಟ್, ದುಡ್ಡು ಕೊಟ್ಟು ತಗೊಂಡಿದ್ದು. ಇವನೂ ತಗೊಂಡ. 49 ರೂಪಾಯಿ, 99 ರೂಪಾಯಿ, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ತೆಗೆಯೋಕೆ ಇನ್ನೊಂದಿಷ್ಟು. ಎಲ್ಲಾ ಚಿಕ್ಕಮ್ಮನ ಫೋನಿಂದ. ಚಿಕ್ಕಮ್ಮ ಎರಡು ಸೀಮೆಹಸು ಸಾಕ್ಕೊಂಡು ಡೈರಿಗೆ ಹಾಲು ಹಾಕೋರು. ಫೀಡಿಗೆ ದುಡ್ಡು ಕೊಡೋಕೆ ಹೋದಾಗ ಅಕೌಂಟಲ್ಲಿ 2,340 ರೂಪಾಯಿ ಕಮ್ಮಿ. ಅಂಗಡಿ ಮುಂದೆ ನಿಂತ್ಕೊಂಡು ನನಗೆ ಫೋನ್ ಮಾಡಿ, "ಬ್ಯಾಂಕ್ನೋರು ಹಿಡ್ಕೊಂಡವ್ರಾ, ನೋಡಪ್ಪಾ" ಅಂದ್ರು. ಬ್ಯಾಂಕ್ ಅಲ್ಲ ಚಿಕ್ಕಮ್ಮ, ಬ್ಯಾಟು ಅಂತ ಹೇಗೆ ಹೇಳೋದು?

"ಅದಕ್ಕೆ ಈಗ ಕಾನೂನು ಬಂದಿದೆಯಲ್ಲ" ಅಂತೀರಾ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಗುರಿ ಇಟ್ಟಿರೋದು ಹಣ ಕಟ್ಟಿ ಹಣ ಗೆಲ್ಲೋ ಆಟಗಳಿಗೆ. ಬೇಕಾಗಿತ್ತು, ಬಂತು, ಸಂತೋಷ. ನಾನು ಹೇಳ್ತಿರೋದು ಗೆದ್ರೆ ದುಡ್ಡು ಬರೋ ಆಟದ ಮಾತಲ್ಲ, ಗೆದ್ರೂ ದುಡ್ಡು ಹೋಗೋ ಆಟದ ಮಾತು.

"ದುಡ್ಡು ಹಾಕ್ದೇನೂ ಆಡಬಹುದಲ್ಲ, ಬಲವಂತ ಏನಿಲ್ಲ" ಅಂತ ಕಮೆಂಟ್ ಬರುತ್ತೆ, ಗೊತ್ತು. ಆಡಿ. ಎರಡು ಮ್ಯಾಚಿಗೊಂದು ಜಾಹೀರಾತು ನೋಡ್ಕೊಂಡು, ದುಡ್ಡು ಕೊಟ್ಟವರ ಕೈಲಿ ಹೊಡೆಸ್ಕೊಳ್ಳೋಕೆ ಆಡಿ. ಹದಿನಾಲ್ಕು ವರ್ಷದ ಹುಡುಗನಿಗೆ ಸೋಲನ್ನ ತೋರಿಸಿ, ಪಕ್ಕದಲ್ಲೇ ಗೆಲುವಿನ ರೇಟು ಬರೆದಿಟ್ರೆ ಅದನ್ನ ಬಲವಂತ ಅಲ್ಲ ಅನ್ನೋರು ಒಂದ್ಸಲ ಚಿಕ್ಕಮ್ಮನ ಮುಂದೆ ಬಂದು ಹೇಳಲಿ.

ಹೋದ ಭಾನುವಾರ ಅವನನ್ನ ಕರೆಸಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಹಳದಿ ಪಿನ್ ಸಡಿಲ ಇತ್ತು, ಪೇಪರ್ ತುರುಕಿದೆ. ಬೇಸ್‌ಬಾಲ್ ಹಾಕಿದ್ವಿ. ಐದು ಇನ್ನಿಂಗ್ಸ್‌ವರೆಗೂ ಅವನಿಗೆ ಬಾಲೇ ತಾಗಲಿಲ್ಲ. ನನಗೆ ಏಳು ರನ್, ಅವನಿಗೆ ಸೊನ್ನೆ. ರಿಮೋಟ್ ತಿರುಗಿಸಿ ಮುರುಗಿಸಿ ನೋಡಿ ಕೇಳ್ದ:

"ಅಣ್ಣ, ಇದ್ರಲ್ಲಿ ಬ್ಯಾಟ್ ಎಲ್ಲಿ ಚೇಂಜ್ ಮಾಡೋದು?"

ಇಲ್ಲ ಕಣೋ ಅಂದೆ. ನನ್ನ ಬ್ಯಾಟೂ ಅದೇನಾ ಅಂತ ಇನ್ನೊಂದ್ಸಲ ಕೇಳ್ದ. ಹೂಂ ಅಂದೆ. ಎದ್ದು ಹೋಗ್ತಾನೆ ಅಂದ್ಕೊಂಡೆ, ಟೀವಿಗೆ ಇನ್ನೊಂಚೂರು ಹತ್ರ ಸರಿದು ಕೂತ.

(ಕೊನೇ ಫೋಟೋ ಅವನ ಬೆನ್ನು. ಮುಖ ಹಾಕೋಕೆ ಅವನು ಬಿಡಲಿಲ್ಲ, ಸ್ಕೋರ್ ಕಾಣುತ್ತಂತೆ.)

#ಹಳೇಕ್ಯಾಸೆಟ್_ಹೊಸಜಗಳ #ಬೂದಿಕೋಟೆ #ಬಂಗಾರಪೇಟೆ #ಬೇಸ್‌ಬಾಲ್ #ಕನ್ನಡಗೇಮಿಂಗ್