ಮನೆಯ ವಿನೋದ: ಕನ್ನಡಿಯ ಒಗಟು



ಕನ್ನಡಿಯ ಚೂರೊಂದನ್ನು ಬಿಸಿಲಿಗೆ ಹಿಡಿದು ಎದುರು ಗೋಡೆಯ ಮೇಲೆ ಬೆಳಕಿನ ಬಿಲ್ಲೆಯನ್ನು ಕುಣಿಸದ ಬಾಲಕರಾರು? ಅದಕ್ಕಾಗಿ ಹಿರಿಯರಿಂದ ಬೈಸಿಕೊಳ್ಳದವರಾದರೂ ಯಾರು? ಈ ತಿಂಗಳ ವಿನೋದವು ಆ ಹಳೆಯ ತುಂಟತನದಿಂದಲೇ ಹುಟ್ಟಿತು. ಇದರೊಡನೆ ನನ್ನದೊಂದು ತಪ್ಪಿನ ಕಥೆಯೂ ಸೇರಿದೆ. ಆಟವನ್ನು ಹೇಳಿ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲವಾದುದರಿಂದ ಎರಡನ್ನೂ ಹೇಳುವೆನು.

ನಾವು ವಾಸಿಸುವುದು ಬೆಂಗಳೂರಿನ ಪಶ್ಚಿಮ ಭಾಗದ ಕಾಮಾಕ್ಷಿಪಾಳ್ಯದಲ್ಲಿ. ಮಾಗಡಿ ರಸ್ತೆಯ ಬದಿಯ ಈ ಬಡಾವಣೆಯಲ್ಲಿ ಮನೆಗಳೂ ಸಣ್ಣ ಕಾರ್ಖಾನೆಗಳೂ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ನಮ್ಮ ಓಣಿಯ ಎರಡು ಕಡೆಯಲ್ಲಿಯೂ ಮಹಡಿಗಳೆದ್ದ ಮೇಲೆ ನಮ್ಮ ಮನೆಗೆ ಬಿಸಿಲು ಬರುವುದು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಅದೂ ಹೊಸಲನ್ನು ದಾಟಿ ಒಳಗೆ ಬಾರದು. ಒಂದು ದಿನ ನನ್ನ ಮೊಮ್ಮಗನು, ಹತ್ತು ವರ್ಷದ ಹುಡುಗ, ನನ್ನ ಕ್ಷೌರದ ಕನ್ನಡಿಯನ್ನು ಹೊಸಲಿನ ಬಳಿ ಓರೆಯಾಗಿ ನಿಲ್ಲಿಸಿ, ಇನ್ನೊಂದು ಕನ್ನಡಿಯನ್ನು ನಡುಮನೆಯ ಬಾಗಿಲಿಗೆ ಆನಿಸಿ, ಬಿಸಿಲನ್ನು ಅಡಿಗೆಮನೆಯ ಮೂಲೆಯವರೆಗೆ ಕಳುಹಿಸಿಬಿಟ್ಟನು. ಅಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಅವನ ಅಜ್ಜಿ, "ಅಯ್ಯೋ, ಈಗ ಕಲ್ಲು ಕಾಣಿಸಿತಲ್ಲ!" ಎಂದರು. ಲೆಕ್ಕದಲ್ಲಿ ಹಿಂದು, ಲೆಕ್ಕದಲ್ಲಿ ಹಿಂದು ಎಂಬ ಮಾತನ್ನೇ ಕೇಳಿ ಕೇಳಿ ಕುಗ್ಗಿದ್ದ ಹುಡುಗನ ಮುಖವು ಆ ದಿನ ಅರಳಿದುದನ್ನು ಕಂಡೆನು. ಇವನಿಗೆ ಇದನ್ನೇ ಒಂದು ಆಟವಾಗಿ ಮಾಡಿಕೊಡಬೇಕೆಂಬ ಯೋಚನೆಯು ಆಗಲೇ ಹುಟ್ಟಿತು.

ಆಟಕ್ಕೆ ಹಾಸು ಯಾವುದು? ಹೆಚ್ಚು ಯೋಚಿಸಬೇಕಾಗಲಿಲ್ಲ. ನಮ್ಮ ಚೌಕಾಬಾರದ ಹಾಸು ಐದು ಸಾಲು, ಸಾಲಿಗೆ ಐದು ಮನೆ, ಒಟ್ಟು ೨೫ ಮನೆಗಳುಳ್ಳದ್ದು. ಅದರ ನಾಲ್ಕು ಅಂಚುಗಳ ನಡುಮನೆಗಳಲ್ಲಿಯೂ ಒಟ್ಟು ಹಾಸಿನ ನಡುವಿನ ಮನೆಯಲ್ಲಿಯೂ ಮೂಲೆಯಿಂದ ಮೂಲೆಗೆ ಕತ್ತರಿಯಂತೆ ಗೆರೆ ಎಳೆಯುವುದುಂಟಷ್ಟೆ. ನಮ್ಮ ಆಟದಲ್ಲಿ ಆ ಕತ್ತರಿಯ ಗುರುತು ಎಲ್ಲ ಮನೆಗಳಿಗೂ ಬೇಕು. ಏಕೆಂದರೆ ಕನ್ನಡಿಯು ಆ ಎರಡು ಗೆರೆಗಳಲ್ಲಿ ಒಂದರ ಮೇಲೆಯೇ ನಿಲ್ಲತಕ್ಕದ್ದು.

ಬೆಳಕಿನ ಕಟ್ಟಳೆ ಒಂದೇ. ಕಿರಣವು ಕನ್ನಡಿಗೆ ಎಷ್ಟು ಓರೆಯಾಗಿ ಬಂದು ಬೀಳುವುದೋ ಅಷ್ಟೇ ಓರೆಯಾಗಿ ಆ ಕಡೆಗೆ ಹೊರಡುವುದು. ಪತನಕೋನವೂ ಪ್ರತಿಫಲನಕೋನವೂ ಸಮವೆಂದು ಶಾಸ್ತ್ರದ ಮಾತು. ಕತ್ತರಿಯ ಗೆರೆಯು ಮನೆಯ ಅಂಚಿಗೆ ೪೫ ಅಂಶ ಓರೆಯಾಗಿರುವುದರಿಂದ, ಅಡ್ಡಲಾಗಿ ಬಂದ ಬೆಳಕು ಉದ್ದಕ್ಕೂ, ಉದ್ದಲಾಗಿ ಬಂದದ್ದು ಅಡ್ಡಕ್ಕೂ ತಿರುಗುವುದು.

ಸಾಮಗ್ರಿಯ ವಿಷಯ: ಆರು ಸೆಂಟಿಮೀಟರು ಅಗಲದ ನಾಲ್ಕು ಕನ್ನಡಿಗಳು. ಗಾಜಿನ ಅಂಗಡಿಯಲ್ಲಿ ಮಿಕ್ಕ ಚೂರುಗಳನ್ನೇ ಕತ್ತರಿಸಿ ಕೊಡುವರು. ಅಂಚುಗಳು ಕೈ ಕೊಯ್ಯದಂತೆ ಸುತ್ತಲೂ ಕಾಗದದ ಪಟ್ಟಿ ಅಂಟಿಸಿ, ಪ್ರತಿಯೊಂದನ್ನೂ ಮರದ ತುಂಡಿಗೆ ನೆಟ್ಟಗೆ ಕೂರಿಸಬೇಕು. ಕನ್ನಡಿಗೆ ಒಂದೇ ಮುಖವಿರಲಿ. ಟಾರ್ಚಿನ ಬಾಯಿಗೆ ರಟ್ಟನ್ನು ಕಟ್ಟಿ ಅದರಲ್ಲಿ ಎರಡು ಮಿಲಿಮೀಟರಿನ ಸೀಳು ಬಿಟ್ಟರೆ, ಕತ್ತಲೆಯ ಕೋಣೆಯಲ್ಲಿ ಬಿಳಿಯ ಕಾಗದದ ಹಾಸಿನ ಮೇಲೆ ಬೆಳಕು ಗೆರೆಯಾಗಿ ಹರಿಯುವುದು. ಒಂದು ಎಚ್ಚರಿಕೆ: ಕನ್ನಡಿಯು ಒಂದು ಅಂಶ ತಿರುಗಿದರೆ ಬೆಳಕು ಎರಡು ಅಂಶ ತಿರುಗುವುದು. ಒಂದು ಮೀಟರು ದೂರ ಹೋಗುವಷ್ಟರಲ್ಲಿ ಅದು ಸುಮಾರು ಮೂರೂವರೆ ಸೆಂಟಿಮೀಟರಿನ ತಪ್ಪಾಗುವುದು. ಆದುದರಿಂದ ಕನ್ನಡಿಯನ್ನು ಗೆರೆಗೆ ಸರಿಯಾಗಿ ಕೂರಿಸುವ ಸಹನೆ ಇಲ್ಲದವರು ಪೆನ್ಸಿಲಿನಿಂದ ಕಾಗದದ ಮೇಲೆಯೇ ಆಡಬಹುದು.

ಇನ್ನು ನನ್ನ ಮೊದಲನೆಯ ಒಗಟು. ಸಾಲುಗಳನ್ನು ಮೇಲಿನಿಂದಲೂ ಮನೆಗಳನ್ನು ಎಡದಿಂದಲೂ ಎಣಿಸಿರಿ. ೩ನೆಯ ಸಾಲಿನ ೧ನೆಯ ಮನೆಗೆ ಎಡಗಡೆಯಿಂದ ಬೆಳಕು ಬರುವುದು. ಅದರ ಮುಂದಿನ ಮನೆಯಲ್ಲಿ ಒಂದು ಕಲ್ಲು. ಕಲ್ಲನ್ನು ಬೆಳಕು ದಾಟದು. ನಟ್ಟನಡುವೆ, ಅಂದರೆ ೩ನೆಯ ಸಾಲಿನ ೩ನೆಯ ಮನೆಯಲ್ಲಿ, ಹಿತ್ತಾಳೆಯ ಕುಂಕುಮದ ಭರಣಿ. ಮೂರು ಕನ್ನಡಿಗಳಿಂದ ಭರಣಿಯನ್ನು ಬೆಳಗಿಸಬೇಕು. ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡ ಉತ್ತರ ಹೀಗಿತ್ತು: ಬೆಳಕು ಮೇಲಕ್ಕೆ ತಿರುಗಿ, ಮೊದಲನೆಯ ಸಾಲಿನಲ್ಲಿ ಬಲಕ್ಕೆ ಹರಿದು, ೩ನೆಯ ಮನೆಯಲ್ಲಿ ಕೆಳಕ್ಕಿಳಿಯಬೇಕು.

ಹುಡುಗನು ಸ್ವಲ್ಪ ಹೊತ್ತು ನೋಡಿ ಬೆಳಕನ್ನು ಕೆಳಕ್ಕೆ ತಿರುಗಿಸಿದನು. ೪ನೆಯ ಸಾಲಿನಲ್ಲಿ ಬಲಕ್ಕೆ ಹರಿಯಿಸಿ, ಮತ್ತೆ ಮೇಲಕ್ಕೆತ್ತಿ ಭರಣಿಗೆ ಮುಟ್ಟಿಸಿದನು. ಭರಣಿ ಥಳಥಳಿಸಿತು.

"ತಪ್ಪು" ಎಂದೆನು ನಾನು.

"ತಾತ, ಬೆಳಕು ಬಿದ್ದಿದೆಯಲ್ಲ?"

"ಬಿದ್ದರೇನು? ನಾನು ಮನಸ್ಸಿನಲ್ಲಿಟ್ಟುಕೊಂಡ ದಾರಿ ಅದಲ್ಲ."

ಅವನು ಮರುಮಾತಾಡದೆ ಕನ್ನಡಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಎದ್ದುಹೋದನು. ಮೂರು ದಿನ ಹಾಸಿನ ಬಳಿ ಸುಳಿಯಲಿಲ್ಲ. ನಾಲ್ಕನೆಯ ದಿನ ನನ್ನ ಮನೆಯವರು ಹೇಳಿದರು: "ಅವನು ಏನೆಂದ ಗೊತ್ತೇ? 'ಶಾಲೆಯಲ್ಲಿಯೂ ಹೀಗೆಯೇ ಅಜ್ಜಿ, ಲೆಕ್ಕ ಸರಿಬಂದರೂ ಅವರು ಹೇಳಿದ ಹಾಗೆ ಮಾಡಲಿಲ್ಲವೆಂದು ತಪ್ಪು ಹಾಕುತ್ತಾರೆ' ಎಂದ. ನೀವೂ ಅವರ ಕಡೆಗೆ ಸೇರಿದಿರಾ?"

ಆ ರಾತ್ರಿ ನಾನು ಹಾಸಿನ ಮುಂದೆ ಒಬ್ಬನೇ ಕುಳಿತು ದಾರಿಗಳನ್ನು ಎಣಿಸಿದೆನು. ಮೂರು ಕನ್ನಡಿಗಳಿಂದ ಭರಣಿಗೆ ಹೋಗುವ ದಾರಿಗಳು ಒಂದಲ್ಲ, ನಾಲ್ಕು: ೧, ೨, ೪, ೫ ಈ ಸಾಲುಗಳಲ್ಲಿ ಯಾವುದರಿಂದಲಾದರೂ ಹೋಗಬಹುದು. ಒಂದೇ ಉತ್ತರವೆಂದು ನಾನು ನಂಬಿದ್ದೆನೇ ಹೊರತು ಪರೀಕ್ಷಿಸಿರಲಿಲ್ಲ. ಹುಡುಗನು ಕಟ್ಟಳೆಯನ್ನು ಮೀರಲಿಲ್ಲ, ಬೆಳಕೂ ಮೀರಲಿಲ್ಲ, ಮೀರಿದವನು ನಾನೊಬ್ಬನೇ. ಹೇಳಿದ ಕಟ್ಟಳೆಯ ಜೊತೆಗೆ ಹೇಳದ ಕಟ್ಟಳೆಯೊಂದನ್ನು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡು, ಮಗುವನ್ನು ಅದರಿಂದ ಅಳೆದೆನು.

ಮರುದಿನ ಬೆಳಿಗ್ಗೆ ಅವನನ್ನು ಕರೆದು, "ಅಪ್ಪಾ, ನಿನ್ನ ದಾರಿಯೂ ಸರಿಯೇ. ಒಗಟು ಕಟ್ಟಿದವನ ತಪ್ಪು" ಎಂದೆನು. ಹಿರಿಯನಾದವನಿಗೆ ಇದು ಸುಲಭವಾದ ಮಾತಲ್ಲ. ಆದರೆ ಅವನು ನಗಲೂ ಇಲ್ಲ, ಬೀಗಲೂ ಇಲ್ಲ. "ಹಾಗಾದರೆ ಒಂದೇ ದಾರಿ ಉಳಿಯುವ ಹಾಗೆ ಮಾಡೋಣ ತಾತ" ಎಂದು ಕುಳಿತನು.

ನಾನು ೨, ೪, ೫ನೆಯ ಸಾಲುಗಳ ೨ನೆಯ ಮನೆಗಳಲ್ಲಿ ಒಂದೊಂದು ಕಲ್ಲನ್ನಿಟ್ಟೆನು. ದಾರಿ ಒಂದೇ ಆಯಿತು. ಆದರೆ ಕಲ್ಲುಗಳೆಲ್ಲ ಗೋಡೆಯಂತೆ ಸಾಲಾಗಿ ನಿಂತು, ಬಿಟ್ಟ ಬಾಗಿಲು ಇಲ್ಲಿದೆಯೆಂದು ತಾವೇ ಕೂಗಿ ಹೇಳತೊಡಗಿದವು. ಹುಡುಗನು ಎಲ್ಲವನ್ನೂ ತೆಗೆದು ಎರಡನ್ನೇ ಇಟ್ಟನು: ೪ನೆಯ ಸಾಲಿನ ೧ನೆಯ ಮನೆಯಲ್ಲಿ ಒಂದು, ೨ನೆಯ ಸಾಲಿನ ೨ನೆಯ ಮನೆಯಲ್ಲಿ ಒಂದು. ಮೊದಲನೆಯದು ಕೆಳಗಿನ ಎರಡು ದಾರಿಗಳನ್ನೂ ಒಮ್ಮೆಗೇ ಮುಚ್ಚಿತು. ಎರಡನೆಯದು ಮೇಲಿನ ಎರಡರಲ್ಲಿ ಒಂದನ್ನು ಮುಚ್ಚಿತು. ಲೆಕ್ಕದಲ್ಲಿ ಹಿಂದೆಂಬ ಹುಡುಗನ ಲೆಕ್ಕವಿದು! ಎರಡು ಕಲ್ಲುಗಳಿಂದ ಆಗುವ ಕೆಲಸಕ್ಕೆ ಮೂರನ್ನಿಡಬಾರದೆಂಬುದನ್ನು ನಾನು ಅವನಿಂದ ಕಲಿತೆನು.

"ಎರಡೇ ಕನ್ನಡಿಗಳಿಂದ ಆಗದೇ?" ಎಂದು ಅವನೇ ಕೇಳಿದನು. ಆಗದು, ಕಾರಣವು ಸ್ವಾರಸ್ಯವಾಗಿದೆ. ಪ್ರತಿಯೊಂದು ಕನ್ನಡಿಯೂ ಅಡ್ಡವನ್ನು ಉದ್ದಕ್ಕೆ, ಉದ್ದವನ್ನು ಅಡ್ಡಕ್ಕೆ ಮಾರ್ಪಡಿಸುವುದರಿಂದ, ಬೆಸ ಸಂಖ್ಯೆಯ ಕನ್ನಡಿಗಳಾದ ಮೇಲೆ ಬೆಳಕು ಉದ್ದಲಾಗಿಯೂ ಸಮ ಸಂಖ್ಯೆಯಾದ ಮೇಲೆ ಅಡ್ಡಲಾಗಿಯೂ ಹೋಗುತ್ತಿರುವುದು. ಎರಡು ಕನ್ನಡಿಗಳಾದ ಮೇಲೆ ಬೆಳಕು ಅಡ್ಡಲಾಗಿಯೇ ಹೋಗಬೇಕು, ಆದರೆ ಆಗ ಅದು ೩ನೆಯ ಸಾಲನ್ನು ಬಿಟ್ಟು ಬೇರೊಂದು ಸಾಲಿನಲ್ಲಿರುವುದು. ಭರಣಿಯನ್ನು ಹೇಗೆ ಮುಟ್ಟೀತು?

ಎರಡನೆಯ ಉತ್ತರವನ್ನು ಕಂಡು ನಾವು ನಾಚಬೇಕಾಗಿಲ್ಲವೆಂಬುದಕ್ಕೆ ನಮ್ಮ ಊರಿನಲ್ಲಿಯೇ ದೊಡ್ಡ ನಿದರ್ಶನವಿದೆ. ಗವಿಪುರದ ಗವಿ ಗಂಗಾಧರೇಶ್ವರನ ಗುಹಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗವನ್ನು ಮುಟ್ಟುವುದನ್ನು ನೋಡಲು ಸಾವಿರಾರು ಜನ ಸೇರುವರು. ಅಲ್ಲಿ ಕನ್ನಡಿಯಿಲ್ಲ, ಬೆಳಕಿಗೆ ನೇರವಾದ ದಾರಿಯನ್ನು ಬಿಟ್ಟಿರುವುದೇ ಶಿಲ್ಪಿಯ ಚಾತುರ್ಯ. ಆದರೆ ಸೂರ್ಯನು ಡಿಸೆಂಬರ್ ೨೧ರ ಸುಮಾರಿಗೆ ದಕ್ಷಿಣದ ತುದಿಯನ್ನು ಮುಟ್ಟಿ ಹಿಂದಿರುಗುವವನು. ಹಿಂದಿರುಗುವಾಗ ಜನವರಿ ೧೪ರಂದು ಮುಳುಗುವ ಸ್ಥಾನದಲ್ಲಿಯೇ ಅವನು ಹೋಗುವಾಗಲೂ, ಎಂದರೆ ನವೆಂಬರ್ ಕೊನೆಯಲ್ಲಿಯೂ, ಮುಳುಗಿರಬೇಕಷ್ಟೆ! ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸಂಶೋಧಕರು ೨೦೦೮ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ದೇವಾಲಯದ ವಿಷಯವಾಗಿ ಪ್ರಕಟಿಸಿದ ಲೇಖನದಲ್ಲಿ, ವರ್ಷಕ್ಕೆ ಎರಡು ಸಲ ಹೀಗೆ ಬೆಳಕು ಬೀಳುವುದನ್ನು ತೋರಿಸಿದ್ದಾರೆ. ಹಬ್ಬವು ಒಂದು ದಿನದ್ದು. ಬೆಳಕಿಗೆ ದಾರಿಗಳು ಎರಡು. ಎರಡನೆಯದನ್ನು ತಪ್ಪೆನ್ನಲು ಯಾರಿಗೆ ಅಧಿಕಾರವುಂಟು?

ಇಂತಹ ಆಟದಿಂದೇನು ಪ್ರಯೋಜನವೆಂದು ಕೇಳುವವರೂ ಇರುವರು. ಎರಡು ಕನ್ನಡಿಗಳನ್ನು ಒಂದಕ್ಕೊಂದು ಲಂಬವಾಗಿ ನಿಲ್ಲಿಸಿದರೆ, ಅವೆರಡರಲ್ಲಿಯೂ ತಿರುಗಿದ ಬೆಳಕು ಬಂದ ದಿಕ್ಕಿಗೇ ಹಿಂದಿರುಗುವುದು. ಮೂರು ಮುಖಗಳು ಹೀಗೆ ಒಂದು ಮೂಲೆಯಲ್ಲಿ ಕೂಡಿದರೆ, ಎತ್ತಣಿಂದ ಬಂದ ಬೆಳಕಾದರೂ ಕಳುಹಿಸಿದವನ ಕಡೆಗೇ ಮರಳುವುದು. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ಮೇಲಿಳಿದ ಚಂದ್ರಯಾನ-೩ರ ವಿಕ್ರಮ್ ನೌಕೆಯಲ್ಲಿ ಇಂತಹ ಎಂಟು ಸ್ಫಟಿಕದ ಮೂಲೆಗಳುಳ್ಳ, ಎರಡು ಅಂಗುಲದ ಉಪಕರಣವೊಂದನ್ನು ಅಮೆರಿಕದ ನಾಸಾ ಸಂಸ್ಥೆಯು ಇರಿಸಿತ್ತು. ಅದೇ ವರ್ಷದ ಡಿಸೆಂಬರ್ ೧೨ರಂದು, ಚಂದ್ರನನ್ನು ಸುತ್ತುತ್ತಿದ್ದ ಆ ಸಂಸ್ಥೆಯ ನೌಕೆಯು ಸುಮಾರು ನೂರು ಕಿಲೋಮೀಟರು ದೂರದಿಂದ ಕಳುಹಿಸಿದ ಲೇಸರ್ ಬೆಳಕು ಅಲ್ಲಿಗೆ ತಾಕಿ ಮರಳಿ ಬಂದಿತು. ವಿಕ್ರಮ್ ಇಳಿದ ದಿನ ಅದನ್ನು ನಡೆಯಿಸಿದ ಕೇಂದ್ರವಿರುವುದು ನಮ್ಮ ನೆರೆಯ ಪೀಣ್ಯದಲ್ಲಿ. ಈ ಮೂಲೆಯ ಮಾತಿನಲ್ಲಿ ಕೆಳಗಿನ ಒಗಟಿಗೆ ಒಂದು ಸುಳಿವೂ ಅಡಗಿದೆ.

ಇದೀಗ ನಿಮ್ಮ ಒಗಟು. ಕಟ್ಟಿದವನು ನನ್ನ ಮೊಮ್ಮಗ. ಬೆಳಕು ಮೊದಲಿನಂತೆಯೇ ೩ನೆಯ ಸಾಲಿನ ೧ನೆಯ ಮನೆಗೆ ಎಡದಿಂದ ಬರುವುದು. ಭರಣಿ ನಟ್ಟನಡುವೆ. ಕಲ್ಲುಗಳು ಮೂರು: ೩ನೆಯ ಸಾಲಿನ ೨ನೆಯ ಮನೆ, ೨ನೆಯ ಸಾಲಿನ ೧ನೆಯ ಮನೆ, ೪ನೆಯ ಸಾಲಿನ ೪ನೆಯ ಮನೆ. ಬೆಳಕು ಭರಣಿಯ ಬಲಮಗ್ಗುಲನ್ನೇ ಮುಟ್ಟಬೇಕು. ಕನ್ನಡಿಗಳು ನಾಲ್ಕೇ. ಮೊದಲನೆಯ ಕಲ್ಲೊಂದೇ ಇದ್ದರೆ ಇದಕ್ಕೆ ಎಂಟು ದಾರಿಗಳುಂಟು. ಉಳಿದೆರಡು ಕಲ್ಲುಗಳು ಏಳನ್ನು ಮುಚ್ಚಿವೆ. ಈ ಸಲ ಎಣಿಸಿದವರು ಇಬ್ಬರು.

ತಾಯಂದಿರಿಗೆ ಒಂದು ಮಾತು. ಈ ಆಟಕ್ಕೆ ಸಾಧಾರಣ ಟಾರ್ಚೇ ಸಾಕು. ಅಂಗಡಿಗಳಲ್ಲಿ ಸಿಕ್ಕುವ ಲೇಸರ್ ದೀಪವನ್ನು ಮಕ್ಕಳ ಕೈಗೆ ಕೊಡಲಾಗದು. ಅದರ ಬೆಳಕಾಗಲಿ, ಕನ್ನಡಿಯಿಂದ ತಿರುಗಿಸಿದ ಸೂರ್ಯನ ಬೆಳಕಾಗಲಿ ಕಣ್ಣಿಗೆ ಬಿದ್ದರೆ ದೃಷ್ಟಿಗೆ ಕೇಡು.

ತಂದೆಯರಿಗೆ ಇನ್ನೊಂದು ಮಾತು. ಮಕ್ಕಳಿಗೆ ಒಗಟು ಕಟ್ಟುವವರು ದಾರಿಯನ್ನು ಎಷ್ಟು ಬೇಕಾದರೂ ಬಳಸಾಗಿ ಮಾಡಲಿ. ಕಟ್ಟಳೆಯನ್ನು ಮಾತ್ರ ಬಚ್ಚಿಡದಿರಲಿ. ಹೇಳಿದ ಕಟ್ಟಳೆಯನ್ನು ಕಾಪಾಡಿಕೊಂಡು ಮಗುವು ನೀವು ಕಾಣದ ದಾರಿಯಿಂದ ಬಂದು ನಿಂತರೆ, ಚೀಟಿಯನ್ನು ಹರಿದುಹಾಕಿ ಭರಣಿಯನ್ನು ನೋಡಿರಿ. ಅದು ಬೆಳಗಿದೆಯೇ? ಹಾಗಿದ್ದರೆ ಉತ್ತರವು ಸರಿ. ನಮ್ಮ ಮನೆಯಲ್ಲಿ ಈಗ ದಿನವೂ ಬೆಳಿಗ್ಗೆ ಅರ್ಧ ಗಂಟೆ, ಅಜ್ಜಿಯ ಮೊರದ ಮೇಲೆ ಬಿಸಿಲಿದೆ. ಕನ್ನಡಿ ಇಡುವವನು ಅವನೇ. ಯಾವ ದಾರಿಯಿಂದ ತಂದೆಯೆಂದು ನಾನು ಕೇಳುವುದಿಲ್ಲ.

ಉತ್ತರ (ಪ್ರಯತ್ನಿಸಿದ ಮೇಲೆ ನೋಡತಕ್ಕದ್ದು): ಕನ್ನಡಿಗಳು ೩ನೆಯ ಸಾಲಿನ ೧ನೆಯ ಮನೆ, ೫ನೆಯ ಸಾಲಿನ ೧ನೆಯ ಮನೆ, ೫ನೆಯ ಸಾಲಿನ ೫ನೆಯ ಮನೆ, ೩ನೆಯ ಸಾಲಿನ ೫ನೆಯ ಮನೆ, ಈ ನಾಲ್ಕರಲ್ಲಿ. ೫ನೆಯ ಸಾಲಿನ ೫ನೆಯ ಮನೆಯದು ಎಡಗೆಳಗಿನ ಮೂಲೆಯಿಂದ ಬಲಮೇಲಿನ ಮೂಲೆಗೆ. ಉಳಿದ ಮೂರೂ ಎಡಮೇಲಿನ ಮೂಲೆಯಿಂದ ಬಲಗೆಳಗಿನ ಮೂಲೆಗೆ. ಬೆಳಕು ಕೆಳಕ್ಕಿಳಿದು, ಕೊನೆಯ ಸಾಲಿನಲ್ಲಿ ಬಲದ ಅಂಚಿನವರೆಗೆ ಹರಿದು, ಮೇಲೇರಿ, ಹಿಂದಿರುಗಿ ಭರಣಿಯನ್ನು ಮುಟ್ಟುವುದು. ಬೇರೆ ದಾರಿಯನ್ನು ಕಂಡವರು ದಯವಿಟ್ಟು ಬರೆದು ತಿಳಿಸಿರಿ. ತಪ್ಪು ನಮ್ಮದೆಂದು ಇಲ್ಲಿಯೇ ಒಪ್ಪಿಕೊಳ್ಳುವೆವು.