ಬರೆದದ್ದನ್ನು ಓದಬಲ್ಲ ಶಿಕ್ಷಕರು ಬೇಕು

ಬೋಧನಾಭ್ಯಾಸದ ಅವಲೋಕನಕ್ಕೆಂದು ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಿಗೆ ಹೋಗಿಬರುವುದು ನನಗೆ ಹಲವು ವರ್ಷಗಳ ರೂಢಿ. ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಕನ್ನಡ ಪಾಠ ನಡೆದಿತ್ತು. ಪ್ರಸ್ತಾವನೆ ಚೊಕ್ಕವಾಗಿತ್ತು, ಕಪ್ಪುಹಲಗೆಯ ಬರಹ ಅಂದವಾಗಿತ್ತು. ನಾನೂ ಒಳ್ಳೆಯ ಅಂಕ ಹಾಕಿದೆ. ಪಾಠ ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ದಪ್ಪ ಹಾಳೆಯೊಂದನ್ನು ಚಾಚಿ, “ಮಿಸ್, ಉತ್ತರ ಬರ್ದಿದೀನಿ, ನೋಡಿ” ಎಂದಳು. ಅವಳಿಗೆ ಕಣ್ಣು ಕಾಣದು. ಹಾಳೆಯ ತುಂಬ ಬ್ರೈಲ್ ಚುಕ್ಕೆಗಳು. ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದಳು. ನನಗೂ ಒಂದಕ್ಷರ ತಿಳಿಯಲಿಲ್ಲ. “ಬಾಯಲ್ಲೇ ಹೇಳಮ್ಮ” ಎಂದೆವು. ಸರಿಯಾಗಿಯೇ ಹೇಳಿದಳು. ಆದರೆ ಅವಳು ಬರೆದದ್ದು ಹಾಗೇ ಉಳಿಯಿತು.

ಅಂಧ ಮಕ್ಕಳಿಗೆ ಪಾಠ ಕೇಳಿಸಿದರೆ ಸಾಕು ಎಂಬ ಭಾವನೆ ನಮ್ಮಲ್ಲಿದೆ. ಮೊಬೈಲ್ ಓದಿ ಹೇಳುತ್ತದೆ, ಪರೀಕ್ಷೆಗೆ ಬರೆಯುವವರು ಸಿಗುತ್ತಾರೆ, ನಿಜ. ಆದರೆ ಕೇಳಿದ ಮಾತ್ರಕ್ಕೆ ಕಾಗುಣಿತ ಬರುವುದಿಲ್ಲ. ‘ಶ’ ಎಲ್ಲಿ, ‘ಷ’ ಎಲ್ಲಿ, ಒತ್ತಕ್ಷರ ಎಲ್ಲಿ ಎಂಬುದನ್ನು ಬರೆದು, ತಿದ್ದಿಸಿಕೊಂಡೇ ಕಲಿಯಬೇಕು. ಕಣ್ಣಿರುವ ಮಕ್ಕಳ ನೋಟ್‌ಬುಕ್ ತಿದ್ದುವ ನಾವು ಇವಳ ಹಾಳೆಯನ್ನು ಮಾತ್ರ ಬಿಟ್ಟರೆ ಅದು ಅನ್ಯಾಯ.

ಈ ಲಿಪಿಯ ಹುಟ್ಟೇ ನಮಗೊಂದು ಪಾಠ. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಮೊದಲು ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಓದಿಸುತ್ತಿದ್ದರು. ಅವು ನೋಡುವವರ ಅನುಕೂಲಕ್ಕಿದ್ದವು, ಬೆರಳಿಗೆ ಒಗ್ಗುತ್ತಿರಲಿಲ್ಲ. ಅಲ್ಲಿನ ವಿದ್ಯಾರ್ಥಿ ಲೂಯಿ ಬ್ರೈಲ್ ಸೇನಾಧಿಕಾರಿ ಬಾರ್ಬಿಯೆಯ 12 ಚುಕ್ಕೆಗಳ ಪದ್ಧತಿಯನ್ನು 6 ಚುಕ್ಕೆಗಿಳಿಸಿ, 1824ರಲ್ಲಿ ತನ್ನ 15ನೇ ವಯಸ್ಸಿಗೆ ಹೊಸ ಲಿಪಿ ಕಟ್ಟಿದ. 1829ರಲ್ಲಿ ಅದು ಪ್ರಕಟವಾಯಿತು. ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ. ಮಕ್ಕಳ ಬೆರಳು ಒಪ್ಪಿದ್ದನ್ನು ಶಾಲೆ ಒಪ್ಪಲು ಅಷ್ಟು ಕಾಲ ಹಿಡಿಯಿತು.

ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಕನ್ನಡ ಬ್ರೈಲ್ ಅದರದೇ ಭಾಗ. ಎಡಸಾಲಿನ ಚುಕ್ಕೆಗಳು ಮೇಲಿನಿಂದ 1, 2, 3. ಬಲಸಾಲಿನವು 4, 5, 6. ‘ಕ’ಕ್ಕೆ 1, 3; ‘ಮ’ಕ್ಕೆ 1, 3, 4; ‘ಲ’ಕ್ಕೆ 1, 2, 3. ಇಷ್ಟು ಗೊತ್ತಾದರೆ ‘ಕಮಲ’ ಓದಬಹುದು. ‘ಕಾ’ ಬರೆಯಲು ‘ಕ’ದ ಮುಂದೆ ‘ಆ’ ಬರೆದರಾಯಿತು. ‘ಅಕ್ಕ’ ಬೇಕಾದರೆ ‘ಅ’ ಬರೆದು, 4ನೇ ಚುಕ್ಕೆಯನ್ನಿಟ್ಟು, ಎರಡು ‘ಕ’ ಬರೆಯಬೇಕು. ಸ್ಲೇಟು, ಸ್ಟೈಲಸ್ ಹಿಡಿದು ಚುಚ್ಚುವಾಗ ಮಾತ್ರ ಬಲದಿಂದ ಎಡಕ್ಕೆ ಬರೆಯಬೇಕು. ಹಾಳೆ ತಿರುಗಿಸಿದಾಗ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ. ಕಣ್ಣಿರುವ ನಾವು ಬೆರಳಿನಿಂದಲೇ ಓದಬೇಕೆಂದಿಲ್ಲ. ಓರೆ ಬೆಳಕಿಗೆ ಹಾಳೆ ಹಿಡಿದು ಕಣ್ಣಲ್ಲೇ ಓದಬಹುದು.

“ಅದಕ್ಕೆ ಸಂಪನ್ಮೂಲ ಶಿಕ್ಷಕರಿದ್ದಾರಲ್ಲ?” ಎನ್ನಬಹುದು. ಅವರು ಹಲವು ಶಾಲೆಗಳನ್ನು ಸುತ್ತಬೇಕು. ಮಗು ದಿನವೂ ಕೂರುವುದು ನಮ್ಮ ತರಗತಿಯಲ್ಲಿ. ಬ್ರೈಲ್ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ.

ಆದ್ದರಿಂದ ನನ್ನ ಸಲಹೆ ಮೂರು. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಪ್ರತಿ ಪ್ರಶಿಕ್ಷಣಾರ್ಥಿಯೂ ಕನ್ನಡ ಬ್ರೈಲ್ ವರ್ಣಮಾಲೆ ಕಲಿಯಲಿ. ಮೊಟ್ಟೆಯ ಟ್ರೇಯನ್ನು ಆರು ಗುಣಿಗಳಿಗೆ ಕತ್ತರಿಸಿ, ನಮ್ಮ ಸೀಮೆಯ ಅಡಿಕೆಯನ್ನೇ ಚುಕ್ಕೆಯಾಗಿಟ್ಟರೆ ಖರ್ಚಿಲ್ಲದ ಕಲಿಕೋಪಕರಣ ಸಿದ್ಧ. ಹಾಗೆಯೇ ಅವಲೋಕನ ನಮೂನೆಯಲ್ಲಿ ಒಂದು ಸಾಲು ಸೇರಲಿ: ತರಗತಿಯ ಪ್ರತಿ ಮಗು ಬರೆದದ್ದನ್ನೂ ಓದಲಾಯಿತೇ?

ಆ ಸಾಲಿಗೆ ಅಂದು ನನ್ನ ಉತ್ತರ ‘ಇಲ್ಲ’ ಎಂದೇ ಆಗುತ್ತಿತ್ತು. ಈಗ ನಾನೂ ಕಲಿಯುತ್ತಿದ್ದೇನೆ. ಒತ್ತಕ್ಷರಗಳಲ್ಲಿ ಇನ್ನೂ ಎಡವುತ್ತೇನೆ. ಮುಂದಿನ ಅವಲೋಕನಕ್ಕೆ ಹೋದಾಗ ಆ ಹುಡುಗಿಯ ಹಾಳೆಯನ್ನು ಕೇಳಿ ಪಡೆಯಬೇಕೆಂದಿದ್ದೇನೆ.